ಇಬ್ಬನಿಯ ಮೇಲೆ ಓಟದ ಗಾಡಿ

ಅಪ್ಪನ ಓಟದ ಗಾಡಿಯನ್ನು ಹತ್ತಲು ಎರಡು ದಾರಿಗಳಿದ್ದವು. ಗಂಡಸರು ಮುಂದಿನಿಂದ ಹತ್ತುತ್ತಿದ್ದರು. ಎರಡು ಎತ್ತುಗಳ ನಡುವೆ ಉದ್ದಕ್ಕೆ ಚಾಚಿಕೊಂಡಿರುವ ಮೂಕಿಮರವನ್ನು ಕಾಲೆತ್ತಿ ದಾಟಿ, ಅದರ ಬುಡದಲ್ಲೇ ಕೂತು, ಎತ್ತುಗಳ ಬೆನ್ನಿಗೆ ಮುಖ ತಾಗುವಷ್ಟು ಬಾಗಿ ಹೊಡೆಯುತ್ತಿದ್ದರು. ಹೆಂಗಸರು ಹಿಂದಿನಿಂದ ಹತ್ತಬೇಕಿತ್ತು. ದೊಡ್ಡವಳಾದ ಹೆಣ್ಣು ನೊಗವನ್ನಾಗಲಿ ಮೂಕಿಯನ್ನಾಗಲಿ ದಾಟಬಾರದು ಎಂದು ನಮ್ಮ ಮನೆಯಲ್ಲಿ ಕಟ್ಟಳೆ. ದಾಟಿದರೆ ಎತ್ತಿನ ಹೆಗಲು ಹುಣ್ಣಾಗುತ್ತದಂತೆ, ಕೊಟ್ಟಿಗೆಯ ಕರುಗಳು ಸೊರಗುತ್ತವಂತೆ. ನಾನು ಅದನ್ನು ನಂಬಿದವಳಲ್ಲ. ಆದರೂ ಬಹಳ ವರ್ಷ ಹಿಂದಿನಿಂದಲೇ ಹತ್ತಿದೆ. ಎಲ್ಲ ಜಗಳಗಳನ್ನೂ ಒಟ್ಟಿಗೆ ಆಡುವ ಶಕ್ತಿ ನನಗಿರಲಿಲ್ಲ, ಮತ್ತು ನನಗೆ ಬೇಕಾಗಿದ್ದುದು ಹಗ್ಗ, ಮೂಕಿಯಲ್ಲ.

ಅದು ಸಾಮಾನು ಹೊರುವ ಗಾಡಿಯಲ್ಲ. ಎತ್ತರದ ಎರಡು ಚಕ್ರ, ಅವುಗಳ ನಡುವೆ ಒಬ್ಬರು ಆರಾಮವಾಗಿ, ಒತ್ತಿಕೊಂಡರೆ ಇಬ್ಬರು ಕೂರುವಷ್ಟು ಹಲಗೆ, ಮೂಕಿ, ನೊಗ. ಬೇರೇನೂ ಇಲ್ಲ. ತಮಿಳು ಸೀಮೆಯ ಕಂಬಂ ಕಣಿವೆಯ ಬಯಲಿನಲ್ಲಿ ಪಂದ್ಯ ಓಡಿಸಲೆಂದೇ ಅಪ್ಪ ಮಾಡಿಸಿದ್ದ. ಅದಕ್ಕೆ ಕಟ್ಟುತ್ತಿದ್ದುದು ಮಲೆಯ ತಳಿಯ ಎರಡು ಗಿಡ್ಡ ಎತ್ತುಗಳು. ಒಂದರ ಬಣ್ಣ ಕೆಂಪು, ಇನ್ನೊಂದಕ್ಕೆ ಮೈತುಂಬ ಬಿಳಿಯ ಚುಕ್ಕೆ. ಎರಡಕ್ಕೂ ಸಿಟ್ಟು ಮೂಗಿನ ತುದಿಯಲ್ಲಿ.

ನಾನು ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ತನ್ನ ಮುಂದೆ ಮೂಕಿಯ ಮೇಲೆ ಕೂರಿಸಿಕೊಂಡು ಹೊಡೆಯುತ್ತಿದ್ದ. ದೊಡ್ಡವಳಾದ ಮೇಲೆ ಅಜ್ಜಿ, ಅಂದರೆ ಅಪ್ಪನ ತಾಯಿ, ಅದನ್ನು ನಿಲ್ಲಿಸಿದಳು. ಅಪ್ಪ ವಾದ ಮಾಡಲಿಲ್ಲ. ನನ್ನನ್ನು ಹಿಂದಿನಿಂದ ಹತ್ತಿಸಿ ಹಗ್ಗವನ್ನು ಕೈಗೆ ಕೊಟ್ಟ. ಹೆಣ್ಣು ಹಗ್ಗ ಹಿಡಿಯಬಾರದು ಎಂಬ ಕಟ್ಟಳೆ ಇರಲಿಲ್ಲ. ಹಿಡಿಯುತ್ತಾಳೆ ಎಂದು ಯಾರಿಗೂ ಹೊಳೆದಿರಲಿಲ್ಲವಾದ್ದರಿಂದ ಯಾರೂ ಅಂಥ ಕಟ್ಟಳೆ ಮಾಡಿರಲಿಲ್ಲ. ಅಜ್ಜಿ ಒಂದಷ್ಟು ಹೊತ್ತು ನೋಡಿ, ಬಯ್ಯಲು ಏನೂ ಸಿಗದೆ ಒಳಗೆ ಹೋದಳು.

ಮುಂದೆ ನಾನು ಓದಲು ಮದರಾಸಿಗೆ ಹೋದೆ. ರಜೆಗೆ ಬರುವಾಗ ದಿಂಡಿಗಲ್ಲಿನಲ್ಲಿ ರೈಲು ಇಳಿದರೆ ಅಪ್ಪ ಗಾಡಿ ಕಟ್ಟಿಕೊಂಡು ಕಾಯುತ್ತಿರುತ್ತಿದ್ದ. ಅಷ್ಟು ದೂರಕ್ಕೆ ಆ ಗಾಡಿ ತರುವುದು ಹುಚ್ಚು ಎಂದು ಊರಿನವರೆಲ್ಲ ಹೇಳುತ್ತಿದ್ದರು. ಬತ್ತಲಗುಂಡಿನ ಸಂತೆಬೀದಿ ದಾಟುವವರೆಗೆ ಅಪ್ಪನೇ ಹೊಡೆಯುತ್ತಿದ್ದ. ಆಮೇಲೆ ಹಗ್ಗ ನನಗೆ. ದಾರಿಯುದ್ದಕ್ಕೂ ನಾವಿಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಮದರಾಸಿನಲ್ಲಿ ಏನು ಓದಿದೆ ಎಂದು ಅಪ್ಪ ಕೇಳಿದ್ದು ನೆನಪಿಲ್ಲ. ನಾನು ತಿರುವಿನಲ್ಲಿ ಹಗ್ಗ ಜಗ್ಗಿದರೆ ಮಾತ್ರ, ಎತ್ತಿನ ಮೂಗು ನಿನ್ನ ಮೂಗೇ ಅಂದುಕೋ, ಎನ್ನುತ್ತಿದ್ದ.

ನಾನು ಬಿ.ಎ.ಯ ಕೊನೆಯ ವರ್ಷದಲ್ಲಿದ್ದಾಗ ಅಪ್ಪ ಜ್ವರದಲ್ಲಿ ತೀರಿಹೋದ. ಪರೀಕ್ಷೆ ಮುಗಿಸಿ ಬಂದಾಗ ದಿಂಡಿಗಲ್ಲಿನಲ್ಲಿ ಕಾಯುತ್ತಿದ್ದುದು ಚಿಕ್ಕಯ್ಯನ ಕಮಾನುಗಾಡಿ. ಚಿಕ್ಕಯ್ಯ ಅಪ್ಪನ ತಮ್ಮ. ಅವರು ನನ್ನನ್ನು ಒಳಗೆ ಕೂರಿಸಿ, ಬಿಸಿಲು ಬೀಳದಂತೆ ಮುಂದೆ ಒಂದು ಸೀರೆ ಕಟ್ಟಿಸಿದರು. ನಮ್ಮೂರಾದ ಬೋಡಿನಾಯಕನೂರಿನವರೆಗೂ ನಾನು ಆ ಸೀರೆಯ ಅಂಚನ್ನೇ ನೋಡುತ್ತ ಬಂದೆ.

ಅವರು ಕೆಟ್ಟವರಲ್ಲ. ಕಣಿವೆಯಲ್ಲಿ ಅಪ್ಪನನ್ನು ಬಿಟ್ಟರೆ ಓಟದ ಗಾಡಿ ಹೊಡೆಯುವುದರಲ್ಲಿ ಅವರೇ ಗಟ್ಟಿಗರು. ಬೋಡಿಯ ಮೇಲಿನ ಮಲೆಯಲ್ಲಿ ನಮ್ಮದೊಂದು ಏಲಕ್ಕಿ ತೋಟವಿದೆ. ಅದನ್ನು ನೋಡಿಕೊಳ್ಳುವವರು ಚಿಕ್ಕಯ್ಯ. ಅಪ್ಪ ಹೋದ ಮೇಲೆ ಅಜ್ಜಿಯೂ ನಾನೂ ಅಲ್ಲಿಗೇ ಹೋಗಿ ನೆಲೆಸಿದೆವು. ಮಲೆಯ ಮೇಲೆ ಪಳಗಿದ ಎತ್ತು ಬಯಲಿಗಿಳಿದರೆ ಹಾರುತ್ತದೆ ಎಂಬುದು ಚಿಕ್ಕಯ್ಯನ ನಂಬಿಕೆ. ಹಾಗಾಗಿ ತಮ್ಮ ಜೋಡಿಯ ಜತೆ ಅಪ್ಪನ ಜೋಡಿಯನ್ನೂ ಮೇಲೆ ನಡೆಸಿಕೊಂಡು ಬಂದರು. ಎರಡೂ ಗಾಡಿಗಳನ್ನು ಬಿಚ್ಚಿ, ಚಕ್ರ ಬೇರೆ ಅಚ್ಚು ಬೇರೆ ಮಾಡಿ, ಆಳುಗಳ ತಲೆಯ ಮೇಲೆ ಹೊರಿಸಿದರು. ಮಲೆಯಾಚೆಯ ನದಿಯನ್ನು ಸುರಂಗದಲ್ಲಿ ತಿರುಗಿಸಿ ಕಣಿವೆಗೆ ಇಳಿಸುವ ದೊಡ್ಡ ಕೆಲಸ ಆಗ ಮುಗಿಯುತ್ತ ಬಂದಿತ್ತು. ನದಿಯೇ ಬೆಟ್ಟ ದಾಟುವಾಗ ನನ್ನ ಎರಡು ಗಾಡಿ ದಾಟಿದ್ದೇನು ದೊಡ್ಡದು ಎಂದು ಚಿಕ್ಕಯ್ಯ ನಗುತ್ತಿದ್ದರು. ಅಪ್ಪನ ಗಾಡಿಯನ್ನು ಅವರು ಆಗಲೇ ತಮ್ಮದೆನ್ನುತ್ತಿದ್ದರು. ಅದನ್ನು ನಾನು ಗಮನಿಸಿದೆ.

ತೋಟದ ತಲೆಯಲ್ಲಿ ಮರಗಳು ಮುಗಿದು ಬೋಳು ಹುಲ್ಲುಗಾವಲು ಶುರುವಾಗುತ್ತದೆ. ಅದರ ಮೇಲೆ ಬಿಳಿಯ ದೊರೆಗಳು ಒಂದು ಅಗಲದ ಗಾಡಿದಾರಿ ಮಾಡಿಸಿದ್ದರು. ದಾರಿಯ ಆಚೆ ತುದಿಯಲ್ಲಿ ಅವರ ಎಸ್ಟೇಟು, ಅಲ್ಲಿ ಗುಮಾಸ್ತರ ಮತ್ತು ಮೇಸ್ತ್ರಿಗಳ ಮಕ್ಕಳಿಗೆಂದು ಹೊಸದಾಗಿ ಕಟ್ಟಿಸಿದ ಒಂದು ಶಾಲೆ. ಪಾಠ ಹೇಳಲು ಯಾರೂ ಸಿಕ್ಕಿರಲಿಲ್ಲ. ನನ್ನನ್ನು ಕೇಳಿದರು. ಪೊಂಗಲ್ ಕಳೆದ ಮೇಲೆ ಬರುತ್ತೇನೆಂದು ಒಪ್ಪಿದೆ.

ಚಿಕ್ಕಯ್ಯ ಬೇಡವೆನ್ನಲಿಲ್ಲ. ಮನೆಯಲ್ಲಿ ಓದಿದವಳೊಬ್ಬಳಿದ್ದಾಳೆ ಎಂಬುದು ಅವರಿಗೆ ಹೆಮ್ಮೆಯೇ. ಅವರು ಹೇಳಿದ್ದು ಇಷ್ಟು:

"ಡೋಲಿ ಐತೆ, ಹೊರಾಕೆ ನಾಲ್ಕಾಳು ಅವ್ರೆ. ಮಹಾರಾಣಿ ಅಂಗೆ ಕುಂತ್ಕಂಡು ಹೋಗ್ ತಾಯಿ."

"ನಾಲ್ಕಾಳೂ ಏಲಕ್ಕಿ ಕೊಯ್ಯಾಕೆ ಹೋದ ದಿನ?"

"ಅವತ್ತು ಪಳ್ಳಿಕೂಡಕ್ಕೆ ರಜ."

"ಹಂಗಾರೆ ಪಳ್ಳಿಕೂಡ ನಡ್ಸೋದು ನಾನಲ್ಲ, ನೀವು" ಎಂದೆ.

ಅಜ್ಜಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ನನ್ನತ್ತ ನೋಡಿದಳು. ನಮ್ಮ ಮನೆಯಲ್ಲಿ ಹಿರಿಯರಿಗೆ ಎದುರುತ್ತರ ಕೊಡುವವರಿಲ್ಲ. ನಾನಂತೂ ಕೊಡುವವಳೇ ಅಲ್ಲ, ಮೊದಲೇ ಮಾತು ಕಡಿಮೆ. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳಿಗೇ ನನ್ನ ಅಪ್ಪ ತೀರಿಹೋದ ಸುದ್ದಿ ಬಹಳ ದಿನ ಗೊತ್ತಿರಲಿಲ್ಲ. ಆದರೆ ಈ ವಿಷಯ ನನಗೆ ಕನ್ನಡಿಯಷ್ಟು ಸ್ಪಷ್ಟವಾಗಿತ್ತು. ಡೋಲಿಯಲ್ಲಿ ಹೋದರೆ ದಿನಾ ಬೆಳಿಗ್ಗೆ ಒಬ್ಬರ ಅಪ್ಪಣೆ ಬೇಕು. ಯಾರೂ ಅದನ್ನು ಅಪ್ಪಣೆ ಎಂದು ಕರೆಯುವುದಿಲ್ಲ, ಆಳು ಇದ್ದಾರೋ ಇಲ್ಲವೋ ಎಂದು ವಿಚಾರಿಸುವುದು ಎನ್ನುತ್ತಾರೆ. ಅಪ್ಪನ ಗಾಡಿಯಲ್ಲಿ ನಾನೇ ಹೋಗುತ್ತೇನೆ ಎಂದು ಹೇಳಿ ಎದ್ದೆ. ಚಳಿಗಾಲದಲ್ಲಿ ಈ ದಾರಿಯ ಮೇಲೆ ಓಟದ ಗಾಡಿಯನ್ನು ಗಂಡಸರೇ ತೆಗೆಯುವುದಿಲ್ಲ ಎಂದು ಚಿಕ್ಕಯ್ಯ ಹಿಂದಿನಿಂದ ಹೇಳುತ್ತಿದ್ದರು. ಅದು ನಿಜ. ತೆಗೆಯುವುದಿಲ್ಲ, ಏಕೆಂದರೆ ಅವರಿಗೆ ಆ ಹೊತ್ತಿನಲ್ಲಿ ಎಲ್ಲಿಗೂ ಹೋಗಬೇಕಾಗಿಲ್ಲ.

ತಮಿಳರ ನಡುವೆ ಬಾಳಿ ಬಾಳಿ ನಮ್ಮ ಮನೆಮಾತಾದ ಕನ್ನಡದಲ್ಲಿ ಗಾಡಿ ವಂಡಿಯಾಗಿದೆ, ಶಾಲೆ ಪಳ್ಳಿಕೂಡವಾಗಿದೆ, ಇಬ್ಬನಿ ಪನಿಯಾಗಿದೆ. ಕಣಿವೆಯ ಪನಿ ಎಲೆಯ ಮೇಲೆ ಕೂತು ಬಿಸಿಲು ಬಂದರೆ ಹೋಗುವಂಥದು. ಮಲೆಯ ಮೇಲಿನದು ಬೇರೆ. ಚಳಿಯ ಮಾರ್ಗಳಿ ತಿಂಗಳು ಅರ್ಧ ಕಳೆಯುವಷ್ಟರಲ್ಲಿ ಅದು ಹುಲ್ಲಿನ ಮೇಲೆಯೇ ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಬೀಸುವ ಕಲ್ಲಿನ ಸುತ್ತ ಹಿಟ್ಟು ಕೂತ ಹಾಗೆ ಇಡೀ ಗುಡ್ಡ ಬೆಳ್ಳಗೆ. ಕಾಲಿಟ್ಟರೆ ಕರಕರ ಎನ್ನುತ್ತದೆ. ದಾರಿಯ ಮಣ್ಣಿನೊಳಗೂ ಸೂಜಿ ಸೂಜಿಯಾಗಿ ಮಂಜುಗಡ್ಡೆ ಎದ್ದಿರುತ್ತದೆ. ಬಿಸಿಲು ತಾಗಿದ ಮೇಲೆ ಇನ್ನೂ ಕಷ್ಟ: ಮೇಲಿನದು ಕರಗಿ ಲೋಳೆಯಾಗುತ್ತದೆ, ಕೆಳಗಿನದು ಕಲ್ಲಿನಂತೆಯೇ ಇರುತ್ತದೆ.

ನಾನು ಯಾರಿಗೂ ಹೇಳದೆ ಅಭ್ಯಾಸ ಶುರು ಮಾಡಿದೆ. ಅಪ್ಪನ ಜೋಡಿಗೆ ಬೆಳಗಿನ ಹುಲ್ಲು ಹಾಕುವ ಕೆಲಸ ನನ್ನದೇ ಆಗಿತ್ತು. ಮನೆಯವರು ಒಲೆಯ ಸುತ್ತ ಕೂತು ಮೈ ಕಾಯಿಸಿಕೊಳ್ಳುವ ಹೊತ್ತಿನಲ್ಲಿ ಗಾಡಿ ಕಟ್ಟಿ ಹುಲ್ಲುಗಾವಲಿಗೆ ಹೊಡೆಯುತ್ತಿದ್ದೆ. ಚಿನ್ನಾಳಪಟ್ಟಿಯ ದಪ್ಪ ಸೀರೆಯನ್ನು ಗಂಡಸರ ಕಚ್ಚೆಯಂತೆ ಬಿಗಿದು, ಅಪ್ಪನ ಹಳೆಯ ಚಪ್ಪಲಿಗೆ ಗೋಣಿಯ ಚೂರು ಸುತ್ತಿ ಹಾಕಿಕೊಂಡಿದ್ದೆ. ಅದನ್ನು ಯಾರಾದರೂ ನೋಡಿದ್ದರೆ ನನಗೆ ನಾಚಿಕೆಯಾಗುತ್ತಿತ್ತೋ ಇಲ್ಲವೋ ಹೇಳಲಾರೆ. ನೋಡಿದವು ಎತ್ತುಗಳು ಮಾತ್ರ.

ಮೊದಲ ದಿನ ಮನೆಯ ಮೇಲಿನ ಚಿಕ್ಕ ತಿರುವಿನಲ್ಲೇ ಗಾಡಿಯ ಹಿಂಭಾಗ ಸುಯ್ ಎಂದು ಹೊರಕ್ಕೆ ಹೋಯಿತು. ಹಗ್ಗ ಜಗ್ಗಿದೆ. ಎತ್ತುಗಳು ನಿಂತವು, ಗಾಡಿ ನಿಲ್ಲಲಿಲ್ಲ. ಅದು ಬಳಸಿಕೊಂಡು ಹೋಗಿ ಎತ್ತುಗಳ ಪಕ್ಕಕ್ಕೆ ಬಂತು, ನಾನು ಹುಲ್ಲಿನ ಮೇಲೆ ಹೋಗಿ ಬಿದ್ದೆ. ಕೆಂಪು ಎತ್ತು ಕತ್ತು ಹೊರಳಿಸಿ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ. ಜಡೆಗೆಲ್ಲ ಬಿಳಿ ಹರಳು ಮೆತ್ತಿಕೊಂಡಿತ್ತು. ಮಾರನೆಯ ದಿನವೂ ಬಿದ್ದೆ.

ತಪ್ಪು ಎಲ್ಲಿದೆ ಎಂದು ಕೂತು ಯೋಚಿಸಿದೆ. ನಾನು ಹಿಂದಿನಿಂದ ಹತ್ತುತ್ತಿದ್ದೆ ನಿಜ, ಆದರೆ ಹತ್ತಿದ ಮೇಲೆ ಹಲಗೆಯ ಮೇಲೆ ಜರುಗಿ ಜರುಗಿ ಮೂಕಿಯ ಬುಡಕ್ಕೇ ಬಂದು ಕೂರುತ್ತಿದ್ದೆ. ಗಾಡಿ ಹೊಡೆಯುವವರ ಜಾಗ ಅದು ಎಂದು ಕಣ್ಣಿಗೆ ಅಭ್ಯಾಸವಾಗಿತ್ತು. ಬಯಲಿನಲ್ಲಿ ಅದು ಸರಿಯೇ. ಮೈಯ ಭಾರ ಮುಂದಕ್ಕೆ ಬಿದ್ದರೆ ಚಕ್ರ ಹಗುರಾಗುತ್ತದೆ, ಹಗುರಾದ ಚಕ್ರ ಜೋರಾಗಿ ಓಡುತ್ತದೆ. ಕಣಿವೆಯ ಪಂದ್ಯಗಾರರು ಗಾಡಿಯಿಂದ ಒಂದು ಮೊಳೆ ಕಿತ್ತರೂ ಗೆದ್ದಂತೆ ಎಂದು ನಂಬುವವರು. ಆದರೆ ಹೆಪ್ಪುಗಟ್ಟಿದ ಪನಿಯ ಮೇಲೆ ಹಗುರಾದ ಚಕ್ರ ತೇಲುತ್ತದೆ.

ದಿನಕ್ಕಿಷ್ಟು ಹಿಂದೆ ಸರಿದು ಕೂತು ನೋಡಿದೆ. ತೀರಾ ಹಿಂದೆ ಹೋದಾಗ ನೊಗ ಮೇಲೆದ್ದು ಎತ್ತುಗಳ ಕೊರಳ ಕಣ್ಣಿ ಬಿಗಿಯಿತು. ಚುಕ್ಕೆ ಎತ್ತು ಕೆಮ್ಮಿತು. ಸರಿಯಾಗಿ ಅಚ್ಚಿನ ಮೇಲೆ ಕೂತಾಗ ಸದ್ದೇ ಬದಲಾಯಿತು. ಚಕ್ರದ ಕಬ್ಬಿಣದ ಪಟ್ಟಿ ಬಿಳಿಯ ಹೆಪ್ಪನ್ನು ಕೊಯ್ದು ಕೆಳಗಿನ ಮಣ್ಣನ್ನು ಕಚ್ಚುವುದು ಕೂತಲ್ಲಿಗೇ ತಿಳಿಯುತ್ತಿತ್ತು. ಆದರೂ ಜಾರುತ್ತಿತ್ತು, ಜಾರಿದಾಗ ಏನು ಮಾಡಬೇಕೆಂಬುದು ಬೇರೆಯೇ ಪಾಠ. ಕೈ ತಾನಾಗಿ ಹಗ್ಗ ಜಗ್ಗಲು ಹೋಗುತ್ತದೆ. ಜಗ್ಗಬಾರದು. ಗಾಡಿಯ ಹಿಂಭಾಗ ಯಾವ ಕಡೆಗೆ ಓಡುತ್ತಿದೆಯೋ ಅದೇ ಕಡೆಗೆ ಎತ್ತುಗಳ ಮೂತಿ ತಿರುಗಿಸಿ, ಅವು ಎಳೆಯುತ್ತಲೇ ಇರುವಂತೆ ಬಿಡಬೇಕು. ಆಗ ಗಾಡಿ ತಾನಾಗಿ ಅವುಗಳ ಹಿಂದಕ್ಕೆ ಬಂದು ನೇರವಾಗುತ್ತದೆ. ದಾರಿಯಿಂದ ಹೊರಕ್ಕೆ ಹೋಗುತ್ತಿರುವಾಗ ಹೊರಕ್ಕೇ ತಿರುಗಿಸುವುದು ಮನಸ್ಸಿಗೆ ಒಗ್ಗುವುದಿಲ್ಲ. ಕಾಲೇಜಿನಲ್ಲಿ ಇಳಿಜಾರು ಹಲಗೆಯ ಮೇಲೆ ಮರದ ತುಂಡು ಜಾರುವ ಲೆಕ್ಕಗಳನ್ನು ನಾನು ಚೆನ್ನಾಗಿಯೇ ಮಾಡುತ್ತಿದ್ದೆ. ಆ ಮರದ ತುಂಡಿಗೆ ಹೆದರಿಕೆ ಇರಲಿಲ್ಲ.

ನಾನು ಮರೆತ ಒಂದು ಸಂಗತಿಯೆಂದರೆ, ಬೆಳ್ಳಗಿನ ಹುಲ್ಲು ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ. ನಾನು ಜಾರಿದ್ದು, ಸುತ್ತಿದ್ದು, ಬಿದ್ದದ್ದು ಎಲ್ಲ ಅದರ ಮೇಲೆ ಕಪ್ಪು ಗೆರೆಗಳಾಗಿ ಬಿಸಿಲೇರುವವರೆಗೂ ಇರುತ್ತಿತ್ತು. ಒಂದು ದಿನ ಊಟಕ್ಕೆ ಕೂತಾಗ ಚಿಕ್ಕಯ್ಯ ಅನ್ನ ಕಲಸುತ್ತ ಅಜ್ಜಿಯನ್ನು ಕೇಳಿದರು:

"ಯಾರವ್ವಾ ಅದು, ಬೆಳಗಾಗೆದ್ದು ಮಲೆ ಮ್ಯಾಗೆ ಕೋಲ ಬಿಟ್ಟಿರೋದು? ಒಂದ್ ಗೆರೆನೂ ನೆಟ್ಟಗಿಲ್ಲ."

ಬಾಗಿಲ ಮುಂದೆ ಹಾಕುವ ರಂಗೋಲಿಗೆ ನಮ್ಮಲ್ಲಿ ಕೋಲ ಎನ್ನುತ್ತಾರೆ. ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾನು ಮಜ್ಜಿಗೆ ಬಡಿಸಿಕೊಂಡೆ. ನಿನ್ನೆಯ ಗೆರೆಗಳನ್ನು ನೋಡಿದ್ದೀರಾ, ಅವು ನೆಟ್ಟಗಿವೆ, ಎಂದು ಹೇಳಿದೆ. ನೋಡಿದ್ದರು. ಅದಕ್ಕೇ ಮಾತು ತೆಗೆದಿದ್ದರು.

ಕೈ ತೊಳೆಯುವಷ್ಟರಲ್ಲಿ ಷರತ್ತು ನಿಗದಿಯಾಯಿತು. ದನಗಳ ಪೊಂಗಲ್ಲಿನ ಮರುದಿನ ಶಾಲೆ ಶುರು. ಆ ದಿನ ಬಿಸಿಲೇರುವ ಮುಂಚೆ ನಾನು ಅಪ್ಪನ ಗಾಡಿಯನ್ನು ಶಾಲೆಯ ಬಾಗಿಲವರೆಗೆ ಹೊಡೆಯಬೇಕು, ಚಿಕ್ಕಯ್ಯ ತಮ್ಮ ಗಾಡಿಯಲ್ಲಿ ಜತೆಗಿರುತ್ತಾರೆ. ನಾನು ಬಿದ್ದರೆ, ಅಥವಾ ಯಾರಾದರೂ ಬಂದು ಮೂಗುದಾರ ಹಿಡಿಯಬೇಕಾಗಿ ಬಂದರೆ, ಅಂದಿನಿಂದ ಡೋಲಿ. ಅಪ್ಪನ ಜೋಡಿ ಪಂದ್ಯಕ್ಕೆ ಚಿಕ್ಕಯ್ಯನ ಜತೆ ಕಣಿವೆಗೆ ಇಳಿಯುತ್ತದೆ. ಬೀಳದಿದ್ದರೆ ಗಾಡಿಯೂ ಜೋಡಿಯೂ ನನ್ನವು, ಯಾವ ಬೆಳಿಗ್ಗೆಯೂ ಯಾರೂ ಏನೂ ಕೇಳುವಂತಿಲ್ಲ. ಕೊನೆಯದನ್ನು ನಾನು ಎರಡು ಸಲ ಹೇಳಿಸಿದೆ. ಪದವಿ ಕೊಟ್ಟವರು ಇವಳಿಗೆ ವಕೀಲಿ ಕೋಟು ಕೊಡುವುದನ್ನು ಮರೆತರು ಎಂದರು ಚಿಕ್ಕಯ್ಯ.

ಆ ದಿನ ಬಂತು. ಹಿಂದಿನ ದಿನ ಮೈತೊಳೆಸಿ ಕೊಂಬಿಗೆ ಬಳಿದ ಕಾವಿ ಇನ್ನೂ ಹಸಿ ಹಸಿಯಾಗಿತ್ತು. ಎತ್ತುಗಳ ಉಸಿರು ಹೊಗೆಯಂತೆ ಏಳುತ್ತಿತ್ತು. ನನಗಾಗಿ ಸಿದ್ಧವಾಗಿ ನಿಂತ ಡೋಲಿಯೊಳಗೆ ಅಜ್ಜಿ ಎರಡು ಕಂಬಳಿ ಹೊದ್ದು ಹತ್ತಿ ಕೂತಿದ್ದಳು. ಏನಜ್ಜಿ ಇದು ಎಂದೆ.

"ನೀ ಬಿದ್ರೆ ಎತ್ಕಂಡ್ ಬರಾಕೆ ಡೋಲಿ ಬ್ಯಾಡ್ವಾ? ಖಾಲಿ ಯಾಕೆ ಹೊರ್ಬೇಕು. ಸಾಯೋದ್ರೊಳಗೆ ನಾನೂ ಒಂದ್ ದಪ ಕುಂತ್ ನೋಡ್ತೀನಿ."

ಆಳುಗಳು ಅವಳನ್ನು ಹೊತ್ತು ಮುಂಚಿತವಾಗಿ ಹೊರಟರು. ದಾರಿಯ ನಡುಭಾಗದಲ್ಲಿ ಒಂದು ಕಾಡುಪಟ್ಟಿ ಹುಲ್ಲುಗಾವಲಿಗೆ ಒತ್ತಿಕೊಂಡು ಬರುತ್ತದೆ. ಅಲ್ಲಿ ದಾರಿ ಬಲಕ್ಕೆ ಬಳಸುತ್ತದೆ, ಇಳಿಜಾರೂ ಇದೆ. ಮರಗಳ ನೆರಳಿನಿಂದ ಅಲ್ಲಿಗೆ ಬಿಸಿಲು ಬಹಳ ತಡವಾಗಿ ಬರುತ್ತದೆ. ಬೀಳುವುದಾದರೆ ಇವಳು ಬೀಳುವುದು ಅಲ್ಲೇ ಎಂದು ಅಜ್ಜಿಗೂ ಗೊತ್ತಿತ್ತು. ತಿರುವಿನ ಎಡಗಡೆಯ ದಿಣ್ಣೆಯ ಮೇಲೆ ಡೋಲಿ ಇಳಿಸಲು ಹೇಳಿ, ನೋಡಲು ಅನುಕೂಲವಾಗುವಂತೆ ತಿರುಗಿಸಿಕೊಂಡು ಕೂತಿದ್ದಳು.

ಚಿಕ್ಕಯ್ಯ ಮೂಕಿಯನ್ನು ಹಾರಿ ದಾಟಿ ಕೂತರು. ಅವರು ಗಾಡಿ ಹತ್ತುವುದನ್ನು ನೋಡುವುದೇ ಒಂದು ಚಂದ. ನಾನು ಹಿಂದಿನಿಂದ ಹತ್ತಿ ಅಚ್ಚಿನ ಮೇಲೆ ಕೂತೆ. ಹೊರಟ ಕೂಡಲೇ ಅವರು ಮುಂದಾದರು. ನೇರ ದಾರಿಯಲ್ಲಿ ಅವರ ಬಿಳಿ ಜೋಡಿ ಹಾರುತ್ತಿತ್ತು, ಅವರು ಎತ್ತುಗಳಿಗೆ ಏನೋ ಹಾಡಿಕೊಳ್ಳುತ್ತಿದ್ದುದು ನನಗೂ ಕೇಳುತ್ತಿತ್ತು. ಒಮ್ಮೆ ತಿರುಗಿ, ನಿದ್ದೆ ಬಂತಾ ತಾಯಿ, ಎಂದು ಕೂಗಿದರು. ಚುಕ್ಕೆ ಎತ್ತು ಅವರನ್ನು ಹಿಡಿಯಬೇಕೆಂದು ಜಗ್ಗುತ್ತಿತ್ತು. ಬೆರಳಲ್ಲೇ ಸಮಾಧಾನ ಹೇಳಿ ಹಿಡಿದೆ.

ತಿರುವು ಬಂದಾಗ ಅವರು ನನ್ನಿಂದ ಸಾಕಷ್ಟು ಮುಂದಿದ್ದರು. ಹಾಗಾಗಿ ಎಲ್ಲವನ್ನೂ ನೋಡಿದೆ. ಗಾಡಿಯ ಹಿಂಭಾಗ ಮೆಲ್ಲಗೆ ಎಡಕ್ಕೆ ಹೊರಟಿತು. ಬಯಲಿನ ಗಟ್ಟಿಗ ಮಾಡಬೇಕಾದ್ದನ್ನೇ ಅವರು ಮಾಡಿದರು: ಬಲದ ಹಗ್ಗ ಬಿಗಿಹಿಡಿದು ಎತ್ತುಗಳ ಮೇಲಕ್ಕೆ ಬಾಗಿದರು. ಚಕ್ರ ಇನ್ನೂ ಹಗುರಾಯಿತು. ಗಾಡಿ ಗಿರ್ರನೆ ತಿರುಗಿ ದಿಣ್ಣೆಗೆ ಬಡಿಯಿತು, ಅಚ್ಚಿನ ತುದಿಯ ಕಡಾಣಿ ಎಗರಿತು, ಒಂದು ಚಕ್ರ ಕಳಚಿಕೊಂಡು ಕೆಳಗಿನ ಹುಲ್ಲಿನ ಮೇಲೆ ಒಂಟಿಯಾಗಿ ಉರುಳುತ್ತ ಹೋಯಿತು. ಅದರ ಹಿಂದೆ ಬಿಳಿಯ ಮೇಲೆ ಒಂದೇ ಒಂದು ಕಪ್ಪು ಗೆರೆ, ತೀರಾ ನೆಟ್ಟಗೆ. ಚಿಕ್ಕಯ್ಯ ರುಮಾಲಿಲ್ಲದೆ ದಾರಿಯ ಅಂಚಿನಲ್ಲಿ ಕೂತಿದ್ದರು. ಅವರಿಗೂ ಎತ್ತುಗಳಿಗೂ ಏನೂ ಆಗಿಲ್ಲವೆಂಬುದು ಕಂಡಿತು, ಅಷ್ಟರಲ್ಲಿ ನಾನು ತಿರುವಿನೊಳಗಿದ್ದೆ.

ನನ್ನ ಗಾಡಿಯೂ ಅಲ್ಲೇ ಜಾರಿತು. ಅದೇ ಎಡಕ್ಕೆ. ಹಗ್ಗ ಸಡಿಲಿಸಿದೆ, ಎರಡೂ ಎತ್ತುಗಳ ಮೂತಿ ಎಡಕ್ಕೆ ತಿರುಗಿಸಿದೆ. ಎಡಕ್ಕೆಂದರೆ ದಿಣ್ಣೆಯತ್ತ, ದಿಣ್ಣೆಯ ಮೇಲೆ ಅಜ್ಜಿ. ಒಂದು ಗಳಿಗೆ ನಾವೆಲ್ಲರೂ ಅವಳ ಮುಖಕ್ಕೇ ಓಡುತ್ತಿದ್ದೆವು. ಅಜ್ಜಿ ಕಣ್ಣು ಮುಚ್ಚಲಿಲ್ಲ, ಕಂಬಳಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ನನ್ನ ಕೆಳಗೆ ಚಕ್ರ ಕರಕರ ಎಂದು ಮಣ್ಣು ಕಚ್ಚಿತು, ಗಾಡಿ ಎತ್ತುಗಳ ಹಿಂದಕ್ಕೆ ಬಂತು, ನಾನು ಬಲಕ್ಕೆ ತೆಗೆದುಕೊಂಡೆ, ತಿರುವು ಮುಗಿಯಿತು. ಅಲ್ಲಿ ನಿಲ್ಲಿಸುವ ಹಾಗಿರಲಿಲ್ಲ, ನಿಲ್ಲಿಸಿದ್ದರೆ ಬೀಳುತ್ತಿದ್ದೆ. ನಿಲ್ಲಿಸಬೇಕೆಂದು ನನಗೆ ಅನಿಸಲೂ ಇಲ್ಲ.

ಶಾಲೆಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಎತ್ತುಗಳಿಗೆ ಗೋಣಿ ಹೊದಿಸಿ, ನೊಗ ಬಿಚ್ಚದೆ ಹಾಗೆಯೇ ನಿಲ್ಲಿಸಿ ಕಾದೆ. ಬಿಸಿಲು ಗುಡ್ಡದ ತಲೆಗೆ ಬರುವ ಹೊತ್ತಿಗೆ ಅವರು ಬಂದರು. ಮುಂದೆ ಡೋಲಿ, ಹಿಂದೆ ತಮ್ಮ ಜೋಡಿಯನ್ನು ಕೈಯಲ್ಲಿ ಹಿಡಿದು ನಡೆಸಿಕೊಂಡು ಚಿಕ್ಕಯ್ಯ. ಬಂದವರೇ ಅಪ್ಪನ ಗಾಡಿಯ ಸುತ್ತ ಒಂದು ಸುತ್ತು ಬಂದು, ಚಕ್ರವನ್ನು ಮುಟ್ಟಿ ನೋಡಿ, ನಾನು ಕೂತಿದ್ದ ಜಾಗವನ್ನು ಅಂಗೈಯಿಂದ ಅಳೆದರು.

"ಆಯ್ತು. ವಂಡಿ ನಿಂದೇ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. "ಆದ್ರೆ ಒಂದ್ ಮಾತು. ನೀ ಹಿಂದಿಂದ ಹತ್ತಿ ಹಿಂದೇನೇ ಕುಂತಿದ್ದೆ, ಅದ್ಕೇ ಚಕ್ರ ಕಚ್ಚಿತು. ಹೆಣ್ಮಕ್ಳು ಹಿಂದಿಂದ್ಲೇ ಹತ್ಬೇಕು ಅಂತ ಪೆರಿಯವ್ರು ಸುಮ್ಕೆ ಹೇಳಿಲ್ಲ, ನೋಡು."

ಡೋಲಿಯೊಳಗಿನಿಂದ ಅಜ್ಜಿ, ಅದೇ ಮತ್ತೆ, ಎಂದಳು.

ಡೋಲಿಯಲ್ಲೇ ಹೋಗು ಎಂದಾಗಲೂ ನನಗೆ ಅಷ್ಟು ಕೋಪ ಬಂದಿರಲಿಲ್ಲ. ಹುಲ್ಲಿನ ಮೇಲೆ ಬಿದ್ದ ಬೆಳಗುಗಳು ನನ್ನವು. ಹಲಗೆಯ ಮೇಲೆ ಬೆರಳು ಬೆರಳಾಗಿ ಹಿಂದೆ ಸರಿದು, ಎತ್ತಿನ ಕೆಮ್ಮು ಕೇಳಿ ಮತ್ತೆ ಮುಂದೆ ಸರಿದು ಆ ಜಾಗ ಹುಡುಕಿದವಳು ನಾನು. ಪನಿಯನ್ನೇ ಕಾಣದ, ಕಣಿವೆಯ ಬಿಸಿಲಿನಲ್ಲಿ ಹುಟ್ಟಿ ಸತ್ತ ಯಾರೋ ಹಿರಿಯರಿಗೆ ಅದನ್ನು ಒಂದು ಮಾತಿನಲ್ಲಿ ಎತ್ತಿ ಕೊಟ್ಟುಬಿಟ್ಟರು. ನನ್ನನ್ನು ತಡೆಯಲೆಂದು ಇದ್ದ ಕಟ್ಟಳೆಗೆ ನಾನು ಗೆದ್ದದ್ದೂ ಸೇರಿಹೋಗುವುದಾದರೆ, ಸೋತಿದ್ದರೆ ಏನಾಗುತ್ತಿತ್ತು? ಅದೂ ಅದಕ್ಕೇ ಸೇರುತ್ತಿತ್ತು.

ಗೋಣಿ ತೆಗೆದು ಎತ್ತುಗಳ ಮುಂದಕ್ಕೆ ಹೋದೆ. ಅವುಗಳ ನಡುವೆ ಬಂದು, ಸೀರೆಯನ್ನು ಸ್ವಲ್ಪ ಎತ್ತಿಕೊಂಡು, ಮೂಕಿಯನ್ನು ದಾಟಿದೆ. ಅವಸರ ಮಾಡಲಿಲ್ಲ. ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ ಇದ್ದಾಗ ಡೋಲಿಯ ಆಳುಗಳು ನೆಲ ನೋಡುತ್ತಿದ್ದರು. ಮೇಲೆ ಹತ್ತಿ, ಹಲಗೆಯ ಮೇಲೆ ಹಿಂದಕ್ಕೆ ಜರುಗಿ, ಅಚ್ಚಿನ ಮೇಲೆ ಕೂತೆ.

"ಎಲ್ಲಿಂದ ಹತ್ತಿದೆ ಅಂತ ಎತ್ತಿಗೆ ತಿಳ್ಯಾಕಿಲ್ಲ ಚಿಕ್ಕಯ್ಯ" ಎಂದೆ. "ಎಲ್ಲಿ ಕುಂತೆ ಅಂತ ಚಕ್ರಕ್ಕೆ ತಿಳೀತದೆ. ನಿಮ್ಮ ಚಕ್ರ ಅಲ್ಲೇ ಬಿದ್ದಿರ್ಬೇಕು, ತತ್ತೀನಿ."

ಮಕ್ಕಳು ಬರಲು ಇನ್ನೂ ಹೊತ್ತಿತ್ತು. ಬಂದ ದಾರಿಯಲ್ಲೇ ತಿರುವಿನವರೆಗೆ ಹೊಡೆದೆ. ಈಗ ಅಲ್ಲಲ್ಲಿ ಬಿಸಿಲು ತಾಗಿ ಮೇಲೆಲ್ಲ ಲೋಳೆಯಾಗಿತ್ತು, ಬೆಳಿಗ್ಗೆಗಿಂತ ಕೆಟ್ಟದಾಗಿ ಜಾರಿತು. ಎರಡು ಸಲ ಹಿಂಭಾಗ ಹೊರಕ್ಕೆ ಹೋಯಿತು, ಎರಡು ಸಲವೂ ಹಿಂದಕ್ಕೆ ತಂದೆ. ಚಕ್ರ ಇಳಿಜಾರಿನ ಕೆಳಗೆ ಒಂದು ಪೊದೆಗೆ ಒರಗಿಕೊಂಡಿತ್ತು. ಅದನ್ನು ಉರುಳಿಸಿಕೊಂಡು ಮೇಲೆ ತಂದು ಹಲಗೆಗೆ ಬಿಗಿದು ಮತ್ತೆ ಮೂಕಿಯನ್ನು ದಾಟಿಯೇ ಹತ್ತಿದೆ. ಅಲ್ಲಿ ನೋಡುವವರು ಯಾರೂ ಇರಲಿಲ್ಲ. ಹಿಂದಿನಿಂದ ಹತ್ತಬಹುದಿತ್ತು, ಹತ್ತಲಿಲ್ಲ. ಕಡಾಣಿ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ.

ವಾಪಸು ಬರುವಾಗ ದಾರಿಯಲ್ಲಿ ಡೋಲಿ ಎದುರಾಯಿತು, ಅಜ್ಜಿ ಮನೆಗೆ ಹೊರಟಿದ್ದಳು. ಶಾಲೆಯ ಬಳಿ ಚಿಕ್ಕಯ್ಯ ಚಕ್ರ ಇಳಿಸಿಕೊಂಡು, ಅದರ ಕಬ್ಬಿಣದ ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸುತ್ತ, ತಿರುವಿನಲ್ಲಿ ಎಡಕ್ಕೆ ಹಾಕಿದೆಯಲ್ಲ, ಯಾಕೆ, ಎಂದು ಕೇಳಿದರು. ಹೇಳಿದೆ. ಅವರು ಇನ್ನೊಮ್ಮೆ ಕೇಳಿದರು, ಇನ್ನೊಮ್ಮೆ ಹೇಳಿದೆ. ಅಷ್ಟರಲ್ಲಿ ಮಕ್ಕಳು ಬಂದರು, ನಾನು ಒಳಗೆ ಹೋದೆ.

ಸಂಜೆ ಮನೆಗೆ ಬಂದು ಎತ್ತು ಬಿಚ್ಚಿದ ಕೂಡಲೇ ಅಜ್ಜಿ ಅರಿಸಿನದ ನೀರು ತಂದು ಮೂಕಿಯನ್ನು ಬುಡದಿಂದ ತುದಿಯವರೆಗೆ ತೊಳೆದಳು. ಮಾರನೆಯ ಬೆಳಿಗ್ಗೆ ನಾನು ದಾಟಿದೆ, ಸಂಜೆ ಅವಳು ತೊಳೆದಳು. ಅದು ಹಾಗೆಯೇ ನಡೆದುಕೊಂಡು ಬಂತು. ಎತ್ತುಗಳ ಹೆಗಲು ಹುಣ್ಣಾಗಲಿಲ್ಲ. ಕರುಗಳು ಸೊರಗಲಿಲ್ಲ. ಅದನ್ನು ನಾನು ಅಜ್ಜಿಗೆ ತೋರಿಸಲೂ ಹೋಗಲಿಲ್ಲ. ಡೋಲಿ ಅಟ್ಟಕ್ಕೆ ಹೋಯಿತು. ಮಧ್ಯೆ ಚಿಕ್ಕಯ್ಯನ ಗೆರೆಗಳೂ ಹುಲ್ಲಿನ ಮೇಲೆ ಕಾಣಿಸತೊಡಗಿದವು. ಮೊದಮೊದಲು ಅವರ ಕೋಲವೂ ನೆಟ್ಟಗಿರಲಿಲ್ಲ. ಊಟಕ್ಕೆ ಕೂತಾಗ ನಾನು ಆ ಮಾತು ಎತ್ತಲಿಲ್ಲ. ನಾಲಗೆಯ ತುದಿಯವರೆಗೆ ಬಂದಿತ್ತು.

ಮುಂದಿನ ವರ್ಷದ ಮಾರ್ಗಳಿಯಲ್ಲಿ ಒಂದು ಬೆಳಿಗ್ಗೆ ಎಂದೂ ಇಲ್ಲದ ಚಳಿ. ಬಾಗಿಲ ಮುಂದಿನ ಹಂಡೆಯ ನೀರೂ ಗಾಜಿನಂತೆ ಕಟ್ಟಿತ್ತು. ಗಾಡಿ ಕಟ್ಟಲು ಹೊರಗೆ ಬಂದಾಗ ಅಜ್ಜಿ ನನಗಿಂತ ಮುಂಚೆ ಅಲ್ಲಿದ್ದಳು, ಬೆನ್ನು ಈ ಕಡೆ ಮಾಡಿಕೊಂಡು. ಹಿಂದಿನ ಸಂಜೆ ತೊಳೆದ ಅರಿಸಿನದ ನೀರು ಮೂಕಿಯ ಮೇಲೆ ಹಳದಿಯಾಗಿ ಹೆಪ್ಪುಗಟ್ಟಿತ್ತು. ಅವಳು ಒಂದು ಕಲ್ಲಿನ ಚೂರಿನಿಂದ ಅದನ್ನು ಕೆರೆದು ಕೆರೆದು ತೆಗೆದು, ಸೆರಗಿನಿಂದ ಒರೆಸುತ್ತಿದ್ದಳು. ಉದ್ದಕ್ಕೂ ಅಲ್ಲ. ನಾನು ಕಾಲಿಟ್ಟು ದಾಟುವ ಜಾಗದಲ್ಲಿ ಮಾತ್ರ.

ನಾನು ಬಾಗಿಲೊಳಗೇ ನಿಂತು, ಅವಳು ಕೊಟ್ಟಿಗೆಯತ್ತ ಹೋಗುವವರೆಗೆ ಕಾದೆ. ಆಮೇಲೆ ಎತ್ತು ಕಟ್ಟಿದೆ, ದಾಟಿ ಹತ್ತಿದೆ, ಅಚ್ಚಿನ ಮೇಲೆ ಕೂತೆ. ಸಂಜೆ ಬಂದಾಗ ಅವಳು ಅರಿಸಿನದ ನೀರಿನ ತಂಬಿಗೆ ಹಿಡಿದು ನಿಂತಿದ್ದಳು.